ಗದ್ದದ ಮೇಲಿನ ಹಸಿರು ಚುಕ್ಕೆ

ಡಿಗ್ರಿ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ರಿಸಲ್ಟ್ ಬರುವವರೆಗೆ ಮನೆಯಲ್ಲಿ ಬೈಸಿಕೊಂಡು ಕೂರುವುದೇಕೆ ಎಂದು ಹಾವೇರಿ ಜಿಲ್ಲೆಯ ನಮ್ಮೂರಿನ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿಕೊಂಡೆ. ಫೋಟೊಶಾಪ್ ಬರುತ್ತದೆ ಎಂಬ ಜಂಬ ಬೇರೆ. ಕಾಲೇಜಿನಲ್ಲಿ ಗೆಳೆಯರ ಡಿಪಿಗಳಿಗೆಲ್ಲ ನಾನೇ ಬ್ಯೂಟಿಷಿಯನ್. ಒಂದು ಮುಖಕ್ಕೆ ಒಂದು ಚಹಾ, ಒಂದು ಬನ್ ಸಂಭಾವನೆ.

ಎರಡನೇ ವಾರ ಐವತ್ತರ ಆಸುಪಾಸಿನ ಒಬ್ಬರು ಬಂದರು. ತಾಯಿ ತೀರಿಕೊಂಡಿದ್ದರು. ಮೊಬೈಲಿನಲ್ಲಿ ಒಂದೇ ಒಂದು ಫೋಟೊ. ಯಾರದೋ ಮದುವೆಯ ಪೆಂಡಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ ಅಜ್ಜಿ, ಪಕ್ಕದಲ್ಲಿ ಅರ್ಧ ಕಾಣುವ ಮಗು. ‘ಹನ್ನೊಂದನೇ ದಿನದ ಕಾರ್ಯಕ್ಕ ಬೇಕ್ರೀ. ದೊಡ್ಡದು ಮಾಡಿ ಕಟ್ಟು ಹಾಕಿ ಕೊಡ್ರಿ. ಚಲೋ ಮಾಡು ತಮ್ಮಾ’ ಎಂದರು. ಕೇಬಲ್ ಹಾಕಿ ಫೋಟೊವನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಕಾಪಿ ಮಾಡುವ ಬದಲು ಕಟ್ ಮಾಡಿದ್ದೆ ಅನ್ನುವುದು ಗೊತ್ತಾಗಿದ್ದು ಆಮೇಲೆ.

ಮಾಲೀಕರು ಪ್ರಿ ವೆಡ್ಡಿಂಗ್ ಶೂಟಿಗೆ ಹೋಗಿದ್ದರು. ನನಗೆ ಕೇಳುವವರಿಲ್ಲ. ಮಗುವನ್ನು ತೆಗೆದೆ, ಹಿಂದೆ ನೀಲಿ ಬಣ್ಣ ಹಾಕಿದೆ. ಆ ಹಂತದಲ್ಲಿ ಪ್ರಿಂಟ್ ಕೊಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ‘ಚಲೋ ಮಾಡು’ ಎಂದಿದ್ದರಲ್ಲ. 400 ಪರ್ಸೆಂಟ್ ಜೂಮ್ ಮಾಡಿದೆ. ಅಷ್ಟು ಹತ್ತಿರದಿಂದ ನೋಡಿದರೆ ಯಾರ ಮುಖವೂ ಉತ್ತ ಹೊಲವೇ. ಹುಬ್ಬಿನ ಮೇಲೊಂದು ಗಾಯದ ಗುರುತು, ತೆಗೆದೆ. ಗದ್ದದ ಮೇಲೊಂದು ಹಸಿರು ಕಲೆ, ತೆಗೆದೆ. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು, ಹಣೆಯ ಗೆರೆಗಳು ಹೋದವು. ಗುಳಿ ಬಿದ್ದ ಕೆನ್ನೆಯನ್ನು ಲಿಕ್ವಿಫೈನಲ್ಲಿ ಒಂಚೂರು ಉಬ್ಬಿಸಿದೆ. ಮೂರು ತಾಸಿನ ಕೆಲಸ. ಎಲ್ಲ ಲೇಯರ್ ಒಂದಾಗಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದೆ.

ಮರುದಿನ ಅವರು ಪ್ರಿಂಟ್ ಹಿಡಿದು ಬಹಳ ಹೊತ್ತು ನೋಡಿದರು. ಸಿಟ್ಟೇನೂ ಮಾಡಲಿಲ್ಲ.

‘ಚಂದ ಆಗೇತಿ. ಆದ್ರ ಇದು ನಮ್ಮವ್ವ ಅಲ್ಲ.’

ನಾನು ಸುಮ್ಮನಿದ್ದೆ.

‘ಗದ್ದದ ಮ್ಯಾಗಿನ ಹಚ್ಚಿ ಎಲ್ಲಿ ಹೋತು ತಮ್ಮಾ? ನಾ ಸಣ್ಣಾವಿದ್ದಾಗ ಅಕಿ ತೊಡಿ ಮ್ಯಾಲೆ ಕುಂತು ಅದನ್ನ ಬೆರಳ್ಲೇ ಒರಸಾಕ ನೋಡತಿದ್ನಂತ.’

ನಾನು ಕಲೆ ಎಂದುಕೊಂಡಿದ್ದು ಹಚ್ಚೆಯ ಚುಕ್ಕೆ. ನನ್ನ ಅಜ್ಜಿಯ ಮುಂಗೈಯಲ್ಲೂ ಅಂಥದ್ದಿದೆ. ದಿನಾ ನೋಡುತ್ತೇನೆ, ಆದರೂ ಹೊಳೆಯಲಿಲ್ಲ.

ಸರಿಮಾಡಿಕೊಡೋಣ ಎಂದರೆ ಅಂಡು ಮಾಡಲು ಏನೂ ಉಳಿದಿರಲಿಲ್ಲ. ಮೂಲ ಫೋಟೊ ಮೊಬೈಲಿನಲ್ಲೂ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ. ಕಾರ್ಯಕ್ಕೆ ಎರಡೇ ದಿನ. ಮಾಲೀಕರು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿರುವ ಅವರ ತಂಗಿಯ ಮೊಬೈಲಿನಲ್ಲಿ ವಾಟ್ಸ್ಆ್ಯಪ್‌ಗೆ ಕಳಿಸಿದ್ದ ಅದೇ ಫೋಟೊ ಸಿಕ್ಕಿತು. ವಾಟ್ಸ್ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡಿಟ್ಟಿತ್ತು. 12×18 ಇಂಚಿಗೆ ಹಿಗ್ಗಿಸಿದಾಗ ಕಾಳುಕಾಳಾಗಿ ಕಂಡಿತು. ಹಿನ್ನೆಲೆ ಬದಲಿಸಿ ಸ್ವಲ್ಪ ಬೆಳಕು ಏರಿಸಿದೆ, ಅಷ್ಟೇ. ಮಸುಕಾಗಿದ್ದರೂ ಚುಕ್ಕೆ ಕಾಣುತ್ತಿತ್ತು. ಅವರು ಅದನ್ನೇ ಒಯ್ದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಸಿಟ್ಟು ಇಳಿದ ಮೇಲೆ ಮಾಲೀಕರು ತಮ್ಮ ತಂದೆಯ ಕಾಲದ ಕಥೆ ಹೇಳಿದರು. ಆಗ ಟಚಪ್ ಅಂದರೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಗೀಚುವುದು. ಪೆನ್ಸಿಲ್ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ, ಸುಕ್ಕು ಮಾಯವಾಗುತ್ತದೆ. ಜಾಸ್ತಿ ಗೀಚಿದರೆ ಬಿಳಿ ಮಚ್ಚೆ ಬಿದ್ದು ಕಳ್ಳತನ ಬಯಲಾಗುತ್ತದೆ. ಹಾಗಾಗಿ ಕೈ ತಾನಾಗಿ ನಿಲ್ಲುತ್ತಿತ್ತು. 2002ರಲ್ಲಿ ಫೋಟೊಶಾಪ್ 7ರ ಜೊತೆ ಬಂದ ಹೀಲಿಂಗ್ ಬ್ರಷ್‌ನಲ್ಲಿ ಆ ಹೆದರಿಕೆಯೇ ಇಲ್ಲ. ಸುತ್ತಲಿನ ಚರ್ಮದ ಬಣ್ಣ, ಬೆಳಕಿಗೆ ತಾನೇ ಹೊಂದಿಕೊಂಡುಬಿಡುತ್ತದೆ. ನಾವು ಅತಿ ಮಾಡಿದ್ದನ್ನೂ ಅದೇ ಮುಚ್ಚಿಡುತ್ತದೆ.

ಇನ್ನೊಂದು ಮೋಸ ನಮ್ಮ ಕಣ್ಣಿನದು. ಎಡಿಟ್ ಮಾಡುವಾಗ ನಾವು ಹೋಲಿಸುವುದು ಒಂದು ನಿಮಿಷದ ಹಿಂದಿನ ಫೋಟೊ ಜೊತೆಗೆ, ಆ ಮನುಷ್ಯರ ಜೊತೆಗಲ್ಲ. ಪ್ರತಿ ಹೆಜ್ಜೆಯೂ ಚಿಕ್ಕದು, ಹಾಗಾಗಿ ಎಷ್ಟು ದೂರ ಬಂದೆವೆಂದು ಗೊತ್ತೇ ಆಗುವುದಿಲ್ಲ. ಈಗ ನಾನು ಹತ್ತು ನಿಮಿಷಕ್ಕೊಮ್ಮೆ ಆಲ್ಟ್ ಒತ್ತಿ ಬ್ಯಾಕ್‌ಗ್ರೌಂಡ್ ಲೇಯರಿನ ಕಣ್ಣಿನ ಗುರುತು ಕ್ಲಿಕ್ ಮಾಡಿ ಮೂಲ ಮುಖ ನೋಡುತ್ತೇನೆ. ಚರ್ಮ ನಯ ಮಾಡಿದ ಲೇಯರಿನ ಒಪ್ಯಾಸಿಟಿಯನ್ನು ಕೊನೆಯಲ್ಲಿ ಅರ್ಧಕ್ಕೆ ಇಳಿಸುತ್ತೇನೆ. ಅರ್ಜೆಂಟ್ ಇಲ್ಲದಿದ್ದರೆ ರಾತ್ರಿ ಬಿಟ್ಟು ಬೆಳಿಗ್ಗೆ ನೋಡುತ್ತೇನೆ. ಮಾಲೀಕರ ಲೆಕ್ಕ ಇನ್ನೂ ಸರಳ: ಎರಡು ವಾರದಲ್ಲಿ ತಾನೇ ಹೋಗುವಂಥದ್ದನ್ನು ತೆಗಿ, ವರ್ಷಗಟ್ಟಲೆ ಇರುವುದನ್ನು ಬಿಡು. ಮೊಡವೆ, ಅಂಗಿಯ ಮೇಲಿನ ದಾರ, ಮೂಗಿನ ಮೇಲೆ ಉದುರಿದ ಕುಂಕುಮ ಹೋಗಬಹುದು. ಮಚ್ಚೆ, ಗಾಯದ ಗುರುತು ಇರಲಿ.

ಅರ್ಜಿ ಹಾಕುವ ಗೆಳೆಯರು ‘ಸ್ವಲ್ಪ ಬೆಳ್ಳಗೆ ಮಾಡು’ ಎಂದು ಈಗಲೂ ಬೆನ್ನು ಬೀಳುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಹಾಲ್ ಟಿಕೆಟ್ ಹಿಡಿದು ನಿಮ್ಮನ್ನೇ ಮೇಲೆ ಕೆಳಗೆ ನೋಡುವ ಮೇಲ್ವಿಚಾರಕರನ್ನು ನೆನೆಸಿಕೊಳ್ಳಿ ಎನ್ನುತ್ತೇನೆ. ಅರ್ಧದಷ್ಟು ಜನ ಅಲ್ಲಿಗೆ ಸುಮ್ಮನಾಗುತ್ತಾರೆ.

ಮಾಲೀಕರ ಲೆಕ್ಕವೂ ಎಲ್ಲ ಕಡೆ ನಡೆಯುವುದಿಲ್ಲ. ಕಳೆದ ತಿಂಗಳು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮದುವೆ ಬಯೋಡೇಟಾಕ್ಕೆ ಫೋಟೊ. ಮಗಳ ಕೆನ್ನೆಯ ಮೇಲೆ ಹಳೆಯ ಸುಟ್ಟ ಗುರುತು. ‘ಅದನ್ನಷ್ಟು ತಗದ್ ಬಿಡಪಾ’ ಎಂದರು ತಾಯಿ. ತೆಗೆಯುವುದು ಎರಡು ನಿಮಿಷದ ಕೆಲಸ. ಬೇಡ ಎನ್ನಲು ನಾನ್ಯಾರು? ಮಗಳನ್ನೇ ಕೇಳಿದೆ, ‘ಏನ್ ಮಾಡ್ಲಿ ಅಕ್ಕಾರ?’

‘ಇರ್ಲಿ ಬಿಡ್ರಿ. ನೋಡಾಕ ಬಂದಾಗ ಕಾಣೂದಿಲ್ಲೇನು?’

ತಾಯಿ ಗೊಣಗುತ್ತಲೇ ಆರು ಕಾಪಿಗೆ ದುಡ್ಡು ಕೊಟ್ಟರು.