ಮತ್ತೆ ರಿಂಗ್ ಹತ್ತಿದವರು

2024ರ ನವೆಂಬರ್ 16, ಶನಿವಾರ ಬೆಳಗ್ಗೆ. ಹಾಸ್ಟೆಲ್‌ನಿಂದ ಮನೆಗೆ ಬಂದಿದ್ದೆ. ಲ್ಯಾಪ್‌ಟಾಪ್ ಮುಂದೆ ಕೂತು ಮೈಕ್ ಟೈಸನ್ ಪಂದ್ಯ ನೋಡುತ್ತಿದ್ದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಆಗಿನ್ನೂ ಶುಕ್ರವಾರ ರಾತ್ರಿ. ಒಂದು ಮೂಲೆಯಲ್ಲಿ 58 ವರ್ಷದ ಟೈಸನ್, ಇನ್ನೊಂದು ಮೂಲೆಯಲ್ಲಿ ಯೂಟ್ಯೂಬ್‌ನಿಂದ ಹೆಸರು ಮಾಡಿ ಬಾಕ್ಸಿಂಗ್‌ಗೆ ಬಂದ 27ರ ಜೇಕ್ ಪಾಲ್. ಇಬ್ಬರ ನಡುವೆ 31 ವರ್ಷಗಳ ಅಂತರ.

ಅಪ್ಪ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ‘ಕಿವಿ ಕಚ್ಚಿದ್ನಲ್ಲ, ಅವ್ನೇ ತಾನೆ?’ ಎಂದರು. ಹೌದು ಎಂದೆ. ‘ಈಗ ತನ್ನ ಗ್ಲೌಸನ್ನೇ ಕಚ್ಕೋತಿದಾನಲ್ಲೋ’ ಎಂದು ನಕ್ಕರು. ನಿಜ, ಟೈಸನ್ ಪದೇ ಪದೇ ತನ್ನ ಗ್ಲೌಸ್ ಕಚ್ಚುತ್ತಿದ್ದ. ಮೊದಲೆರಡು ಸುತ್ತುಗಳಲ್ಲಿ ಹಳೆಯ ಹುಲಿಯ ನೆರಳು ಕಂಡಿತು. ಮೂರನೇ ಸುತ್ತಿನಿಂದ ಕಾಲುಗಳೇ ಮಾತು ಕೇಳಲಿಲ್ಲ.

ಕೊನೆಯ ಸುತ್ತುಗಳು ಬಂದಾಗ ಅಪ್ಪ ನಗುತ್ತಿರಲಿಲ್ಲ. ‘ಆ ಹುಡುಗ ಹೊಡೀಬಹುದು, ಹೊಡೀತಿಲ್ಲ. ಪಾಪ ಅಂತ ಬಿಡ್ತಿದಾನೆ’ ಎಂದವರೇ ಎದ್ದು ಹೊರಗೆ ಹೋದರು. ಪಂದ್ಯ ಮುಗಿದಾಗ ಪಾಲ್‌ನ 78 ಗುದ್ದುಗಳು ತಾಗಿದ್ದವು, ಟೈಸನ್‌ನದು ಬರೀ 18. ಆಮೇಲೆ ಪಾಲ್ ಸ್ವತಃ ಒಪ್ಪಿಕೊಂಡ, ಕೊನೆಕೊನೆಗೆ ಸ್ವಲ್ಪ ಕೈ ಬಿಗಿಹಿಡಿದೆ ಎಂದು. ಬಾಕ್ಸಿಂಗ್ ಬಗ್ಗೆ ಏನೂ ಗೊತ್ತಿಲ್ಲದ ಅಪ್ಪನಿಗೆ ಅದು ಹೇಗೆ ಮೊದಲೇ ಗೊತ್ತಾಯಿತು?

ಉತ್ತರ ಅಮ್ಮನಿಂದ ಸಿಕ್ಕಿತು. ಅಪ್ಪ 24 ವರ್ಷ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿದ್ದವರು. ಆ ವರ್ಷ ವರ್ಕ್‌ಶಾಪ್ ಮುಚ್ಚಿತು. 49ರ ವಯಸ್ಸಿನಲ್ಲಿ ಮತ್ತೆ ಇಂಟರ್‌ವ್ಯೂಗೆ ಹೋಗಬೇಕಾಯಿತು. ಹಿಂದಿನ ವಾರ ಒಂದು ಕಡೆ ಸಾಲಿನಲ್ಲಿ ಕೂತಿದ್ದಾಗ, ಪಕ್ಕದ ಹುಡುಗ ಎದ್ದು ಕುರ್ಚಿ ಬಿಟ್ಟುಕೊಟ್ಟು, ‘ಅಂಕಲ್, ಮಗನ ಜೊತೆ ಬಂದಿದ್ದೀರಾ?’ ಎಂದು ಕೇಳಿದನಂತೆ. ಒಳಗೆ ಇಂಟರ್‌ವ್ಯೂ ಮಾಡಿದವರೂ ಬಹಳ ಮರ್ಯಾದೆಯಿಂದ ಮಾತಾಡಿ, ಟೀ ಕೊಟ್ಟು ಕಳಿಸಿದರಂತೆ. ಗುದ್ದಿಗಿಂತ ಕನಿಕರವೇ ಹೆಚ್ಚು ನೋಯಿಸುತ್ತದೆ ಎಂದು ನನಗೆ ಅವತ್ತೇ ಅರ್ಥವಾಗಿದ್ದು.

ಅವತ್ತಿನಿಂದ ವಯಸ್ಸಾದ ಮೇಲೆ ಮತ್ತೆ ರಿಂಗ್ ಹತ್ತಿದವರ ಕಥೆಗಳನ್ನು ಹುಡುಕಿ ಓದಲು ಶುರು ಮಾಡಿದೆ.

38ರ ಸರಪಳಿ

1980ರ ಅಕ್ಟೋಬರ್ 2. ಲಾಸ್ ವೇಗಸ್‌ನ ಹೋಟೆಲೊಂದರ ಪಾರ್ಕಿಂಗ್ ಜಾಗದಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಅಖಾಡ. ನಿವೃತ್ತಿ ಘೋಷಿಸಿದ್ದ ಮುಹಮ್ಮದ್ ಅಲಿ ನಾಲ್ಕನೇ ಬಾರಿ ಹೆವಿವೇಟ್ ಚಾಂಪಿಯನ್ ಆಗಲು ವಾಪಸ್ ಬಂದಿದ್ದ. ವಯಸ್ಸು 38. ಎದುರಿಗೆ 30ರ ಲ್ಯಾರಿ ಹೋಮ್ಸ್. ಒಂದು ಕಾಲದಲ್ಲಿ ಅಲಿಗೆ ಅಭ್ಯಾಸದ ಜೊತೆಗಾರನಾಗಿದ್ದವನು, ಆಗ ಸೋಲೇ ಕಾಣದ ಚಾಂಪಿಯನ್.

ಅಲಿ ನೋಡಲು ಚೆನ್ನಾಗಿದ್ದ. ತೂಕ ಇಳಿಸಿದ್ದ, ಕೂದಲಿಗೆ ಬಣ್ಣ ಹಾಕಿದ್ದ, ಹೊಟ್ಟೆ ಕರಗಿತ್ತು. ಹತ್ತು ವರ್ಷ ಚಿಕ್ಕವನಾಗಿದ್ದಾನೆ ಎಂದು ಜನ ನಂಬಿದರು. ಆದರೆ ತೂಕ ಇಳಿದದ್ದರ ಹಿಂದೆ ಥೈರಾಯ್ಡ್ ಮಾತ್ರೆಗಳ ಪಾಲೂ ಇತ್ತು. ಅವು ಕೊಬ್ಬಿನ ಜೊತೆ ಶಕ್ತಿಯನ್ನೂ ಹೀರಿದ್ದವು. ಕನ್ನಡಿಯಲ್ಲಿ ಹಳೆಯ ಅಲಿ, ರಿಂಗಿನಲ್ಲಿ ಬೇರೆಯೇ ಮನುಷ್ಯ. ಹತ್ತು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರ ಲೆಕ್ಕದಲ್ಲಿ ಅಲಿ ಒಂದೇ ಒಂದು ಸುತ್ತನ್ನೂ ಗೆದ್ದಿರಲಿಲ್ಲ. ಹೋಮ್ಸ್ ಹೊಡೆಯಲು ಮನಸ್ಸಾಗದೆ ಮಧ್ಯೆ ಮಧ್ಯೆ ರೆಫರಿಯತ್ತ ನೋಡುತ್ತಿದ್ದ. ಗೆದ್ದ ಮೇಲೆ ಅತ್ತ.

ಆ ಹೋಮ್ಸ್ ಮುಂದೆ ಸೋತ, ನಿವೃತ್ತನಾದ, ಅವನೂ ವಾಪಸ್ ಬಂದ. 1988ರ ಜನವರಿ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಅವನ ಎದುರಿಗೆ ನಿಂತಿದ್ದವನು 21 ವರ್ಷದ ಮೈಕ್ ಟೈಸನ್. ಹೋಮ್ಸ್ ವಯಸ್ಸು ಎಷ್ಟು ಗೊತ್ತೇ? 38. ತನ್ನ ಗುರುವಿನಂಥ ಅಲಿಯನ್ನು ಯಾವ ವಯಸ್ಸಿನಲ್ಲಿ ಕೆಡವಿದ್ದನೋ ಅದೇ ವಯಸ್ಸಿನಲ್ಲಿ ತಾನೂ ಬಿದ್ದ. ನಾಲ್ಕನೇ ಸುತ್ತಿನಲ್ಲಿ ಮೂರು ಸಲ ನೆಲಕ್ಕೆ. 75 ಪಂದ್ಯಗಳ ಅವನ ವೃತ್ತಿಜೀವನದಲ್ಲಿ ಹಾಗೆ ಮುಗಿದದ್ದು ಅದೊಂದೇ ಪಂದ್ಯ. ಅಲಿ ಅವತ್ತು ಅಲ್ಲೇ ಇದ್ದ.

ಆಮೇಲೆ ಆ ಟೈಸನ್ ಕಥೆ ನಾನು, ಅಪ್ಪ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು.

ಯಾಕೆ ಬರುತ್ತಾರೆ?

ಎಲ್ಲರೂ ಹಟಕ್ಕೆ ಬಿದ್ದು ಬರುವುದಿಲ್ಲ. ಜೋ ಲೂಯಿಸ್ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದವನು, 25 ಬಾರಿ ಪಟ್ಟ ಉಳಿಸಿಕೊಂಡವನು. ಯುದ್ಧದ ಕಾಲದಲ್ಲಿ 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗೆ ಕೊಟ್ಟುಬಿಟ್ಟ. ದಾನ ಮಾಡಿದ ಆ ದುಡ್ಡಿಗೂ ತೆರಿಗೆ ಲೆಕ್ಕ ಹಾಕಿದರು. ಬಾಕಿ ಬೆಳೆಯುತ್ತಲೇ ಹೋಯಿತು. ನಿವೃತ್ತನಾಗಿದ್ದವನು ಸಾಲ ತೀರಿಸಲು ಮತ್ತೆ ಗ್ಲೌಸ್ ಕಟ್ಟಿದ. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕ್‌ನಲ್ಲಿ 28ರ ರಾಕಿ ಮಾರ್ಸಿಯಾನೊ ಎಂಟನೇ ಸುತ್ತಿನಲ್ಲಿ ಹೊಡೆದ ಹೊಡೆತಕ್ಕೆ 37ರ ಲೂಯಿಸ್ ಹಗ್ಗಗಳ ನಡುವಿನಿಂದ ರಿಂಗಿನ ಅಂಚಿಗೆ ಬಿದ್ದ.

‘ವಯಸ್ಸಾಯ್ತು, ಸುಮ್ಮನೆ ಮನೇಲಿರಬಾರದಾ?’ ಎಂದು ಹೇಳುವುದು ಸುಲಭ. ಮನೆಯಲ್ಲಿರಲು ಕೈಯಲ್ಲಿ ಕಾಸಿರಬೇಕು. ಕಾಲೇಜು ಫೀಸ್ ಕಟ್ಟಬೇಕಾದ ಮಗನಿರಬಾರದು.

ಎದುರಿನ ಮೂಲೆಯವರು

ಹಾಗೆಂದು ಎದುರಿಗಿರುವ ಕಿರಿಯರು ಖಳನಾಯಕರಲ್ಲ. ನಮ್ಮ ದೇಶದ್ದೇ ಉದಾಹರಣೆ ಇದೆ. 2019ರ ಡಿಸೆಂಬರ್‌ನಲ್ಲಿ ಒಲಿಂಪಿಕ್ ಅರ್ಹತಾ ಸುತ್ತಿಗೆ ಆಯ್ಕೆಯಾಗಲು ನಡೆದ ಟ್ರಯಲ್ಸ್‌ನಲ್ಲಿ ಮೇರಿ ಕೋಮ್ ಎದುರು 23ರ ನಿಖತ್ ಜರೀನ್ ನಿಂತಳು. ಮೇರಿ ನಿವೃತ್ತಿಯಿಂದ ಬಂದವರಲ್ಲ, ಆದರೆ ವಯಸ್ಸು 36 ದಾಟಿತ್ತು. ನ್ಯಾಯವಾದ ಟ್ರಯಲ್ಸ್ ಬೇಕು ಎಂದು ನಿಖತ್ ಕ್ರೀಡಾ ಸಚಿವರಿಗೇ ಪತ್ರ ಬರೆದಿದ್ದಳು. ಗೆದ್ದದ್ದು ಹಿರಿಯಳೇ, 9–1ರಿಂದ. ನಿಖತ್ ಕಾದಳು. 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಅವಳು ಕೇಳಿದ್ದು ಒಂದು ಅವಕಾಶ, ಅಷ್ಟೇ.

ಇಂಟರ್‌ವ್ಯೂಗಳಲ್ಲಿ ಅಪ್ಪನ ಪಕ್ಕ ಕೂರುವ ಹುಡುಗರೂ ಅಷ್ಟೇ. ಒಂದು ವರ್ಷ ಕಳೆದರೆ ಆ ಕುರ್ಚಿಯಲ್ಲಿ ನಾನೇ ಕೂತಿರುತ್ತೇನೆ. ಯಾರದ್ದೋ ಅಪ್ಪನಿಗೆ ಎದ್ದು ಜಾಗ ಬಿಡುತ್ತೇನೆ, ಕೆಲಸ ಬಿಟ್ಟುಕೊಡುತ್ತೇನಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ.

ದೊಡ್ಡ ಹೊಟ್ಟೆಯ ಚಾಂಪಿಯನ್

ಹಾಗಾದರೆ ವಾಪಸ್ ಬಂದವರೆಲ್ಲ ಸೋತವರೇ? ಅಲ್ಲ. ಜಾರ್ಜ್ ಫೋರ್‌ಮನ್ ಇದ್ದಾನೆ.

1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್‌ಶಾಸಾದಲ್ಲಿ ಅಲಿಗೆ ಸೋತು ಪಟ್ಟ ಕಳೆದುಕೊಂಡವನು ಫೋರ್‌ಮನ್. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಚರ್ಚ್‌ನಲ್ಲಿ ಬೋಧಕನಾದ. ಹ್ಯೂಸ್ಟನ್‌ನಲ್ಲಿ ಯುವಕರಿಗಾಗಿ ಒಂದು ಕೇಂದ್ರ ತೆರೆದ. ಅದನ್ನು ನಡೆಸಲು ದುಡ್ಡು ಸಾಲದೆ ಹತ್ತು ವರ್ಷಗಳ ನಂತರ, 1987ರಲ್ಲಿ ಮತ್ತೆ ರಿಂಗ್ ಹತ್ತಿದ. ಬೋಳು ತಲೆ, ಜೋಲು ಹೊಟ್ಟೆ. ಜನ ನಕ್ಕರು. ಅವನೂ ಅವರ ಜೊತೆ ಸೇರಿ ತನ್ನ ಹೊಟ್ಟೆಯ ಬಗ್ಗೆ ತಾನೇ ಜೋಕ್ ಮಾಡಿದ.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಇಷ್ಟವಾದದ್ದು ಅವನು ಶಕ್ತಿಯ ಲೆಕ್ಕ ಹಾಕಿದ ರೀತಿ. ಹಳೆಯ ಫೋರ್‌ಮನ್ ಮೊದಲ ಸುತ್ತಿನಿಂದಲೇ ಬೀಸಿ ಬೀಸಿ ಹೊಡೆಯುತ್ತಿದ್ದ. ಕಿನ್‌ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ಅವನನ್ನು ಸುಸ್ತು ಮಾಡಿಸಿಯೇ ಎಂಟನೇ ಸುತ್ತಿನಲ್ಲಿ ಕೆಡವಿದ್ದ. ಹೊಸ ಫೋರ್‌ಮನ್ ಓಡಾಡಲಿಲ್ಲ. ಎರಡೂ ತೋಳುಗಳನ್ನು ಮುಂದೆ ಅಡ್ಡ ಹಿಡಿದು ಹೊಡೆತ ತಡೆದ. ಎಡಗೈಯಿಂದ ನೇರವಾಗಿ ಚುಚ್ಚುತ್ತಾ ನಿಧಾನವಾಗಿ ಮುಂದೆ ನಡೆದ. ಬಾಕ್ಸರ್‌ನ ಕಾಲು ಮೊದಲು ಹೋಗುತ್ತದೆ, ಹೊಡೆತದ ಬಲ ಕೊನೆಗೆ ಹೋಗುತ್ತದೆ ಎಂಬ ಮಾತಿದೆ. ಹೋದದ್ದಕ್ಕೆ ಅವನು ಅಳಲಿಲ್ಲ, ಉಳಿದದ್ದನ್ನು ನಂಬಿದ.

1991ರಲ್ಲಿ 42ರ ಫೋರ್‌ಮನ್ 28ರ ಇವಾಂಡರ್ ಹೋಲಿಫೀಲ್ಡ್ ಎದುರು ಪೂರ್ತಿ 12 ಸುತ್ತು ನಿಂತು ಪಾಯಿಂಟ್ಸ್‌ನಲ್ಲಿ ಸೋತ. ಕಡೆಗೆ 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ ಅವನಿಗೆ 45, ಎದುರಾಳಿ ಮೈಕೆಲ್ ಮೂರರ್‌ಗೆ 26. 35 ಪಂದ್ಯಗಳಲ್ಲಿ ಒಂದನ್ನೂ ಸೋಲದ ಚಾಂಪಿಯನ್. ಫೋರ್‌ಮನ್ ತೊಟ್ಟಿದ್ದು ಕಿನ್‌ಶಾಸಾದಲ್ಲಿ ಸೋತ ದಿನ ಹಾಕಿಕೊಂಡಿದ್ದ ಅದೇ ಕೆಂಪು ಚಡ್ಡಿ. ಒಂಬತ್ತು ಸುತ್ತು ಹೊಡೆತ ತಿಂದ, ಪಾಯಿಂಟ್ಸ್‌ನಲ್ಲಿ ಹಿಂದಿದ್ದ. ಹತ್ತನೇ ಸುತ್ತಿನಲ್ಲಿ ಗಿಡ್ಡನೆಯ ಒಂದು ಬಲಗೈ ಹೊಡೆತ, ಮೂರರ್ ಮಲಗಿಬಿಟ್ಟ. 20 ವರ್ಷದ ಹಿಂದೆ ಕಳೆದುಕೊಂಡದ್ದು ವಾಪಸ್ ಬಂತು. ಫೋರ್‌ಮನ್ ಮೂಲೆಯಲ್ಲಿ ಮಂಡಿಯೂರಿ ಪ್ರಾರ್ಥಿಸಿದ.

ಮೂಲೆಯಲ್ಲಿ ನಿಂತವನು

ಈ ಕಥೆಗಳನ್ನು ಓದುತ್ತಾ ಹೋದಂತೆ ಒಂದೇ ಹೆಸರು ಮತ್ತೆ ಮತ್ತೆ ಸಿಕ್ಕಿತು: ತರಬೇತುದಾರ ಏಂಜೆಲೊ ಡಂಡೀ. 1974ರಲ್ಲಿ ಫೋರ್‌ಮನ್ ಸೋತಾಗ ಈತ ಇದ್ದದ್ದು ಅಲಿಯ ಮೂಲೆಯಲ್ಲಿ. 1980ರಲ್ಲಿ ಹೋಮ್ಸ್ ಎದುರೂ ಅಲಿಯ ಜೊತೆಗಿದ್ದವನು ಈತನೇ. ಅವತ್ತು ಹತ್ತನೇ ಸುತ್ತಿನ ನಂತರ ಅಲಿಯ ಇನ್ನೊಬ್ಬ ಜೊತೆಗಾರ ‘ಇನ್ನೊಂದು ಸುತ್ತು’ ಎಂದು ಬೇಡಿಕೊಂಡರೂ ಡಂಡೀ ಒಪ್ಪಲಿಲ್ಲ. ಪಂದ್ಯ ನಿಲ್ಲಿಸಿ ಎಂದು ರೆಫರಿಗೆ ಹೇಳಿದ. 14 ವರ್ಷಗಳ ನಂತರ ಫೋರ್‌ಮನ್ ಗೆದ್ದ ರಾತ್ರಿ ಅವನ ಮೂಲೆಯಲ್ಲಿ ನಿಂತಿದ್ದವನೂ ಇದೇ ಡಂಡೀ.

ಒಬ್ಬನಿಗೆ ‘ಸಾಕು’ ಎಂದ. ಇನ್ನೊಬ್ಬನ ಜೊತೆ ಕೊನೆಯವರೆಗೂ ನಿಂತ. ಎರಡನ್ನೂ ಬಲ್ಲವನು ಜೊತೆಗಿರಬೇಕು. ಅಲಿಗೆ ಆಮೇಲೆ ಅಷ್ಟು ಗಟ್ಟಿಯಾಗಿ ‘ಸಾಕು’ ಎನ್ನುವವರು ಸಿಗಲಿಲ್ಲ. 1981ರಲ್ಲಿ ಮತ್ತೊಮ್ಮೆ ಆಡಿ ಸೋತ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು.

ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಟೈಸನ್ ಪಂದ್ಯ ಆಗಿ ಎರಡು ತಿಂಗಳಿಗೆ ಅಪ್ಪ, ಮನೆ ಪತ್ರ ಅಡವಿಟ್ಟು ಸಾಲ ತೆಗೆದು ಎರಡು ಹಳೇ ಲೇತ್ ಮಷಿನ್ ಕೊಂಡು ತಾವೇ ಶೆಡ್ ಹಾಕುತ್ತೇನೆ ಎಂದರು. ‘ನನ್ ಕೈ ಗೊತ್ತಿರೋ ಪಾರ್ಟಿಗಳು ಇನ್ನೂ ಇದಾರೆ ಕಣೋ’ ಎಂದರು. ಆ ಪಾರ್ಟಿಗಳಿಗೆ ಫೋನ್ ಮಾಡಿಸಿದೆ. ಎಲ್ಲರೂ ಸಿ.ಎನ್.ಸಿ. ಮಷಿನ್‌ನಲ್ಲಿ ಕೆಲಸ ಮಾಡಿಸುತ್ತಿದ್ದರು. ‘ಬೇಡಪ್ಪ. ನೀನು ಹೋಗ್ತೀನಿ ಅಂತಿರೋ ವರ್ಕ್‌ಶಾಪ್ ಈಗಿಲ್ಲ’ ಎಂದೆ. ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಐದನೇ ದಿನ ರಾತ್ರಿ ನನ್ನ ರೂಮಿಗೆ ಬಂದು, ‘ಆ ಸಿ.ಎನ್.ಸಿ. ಪ್ರೋಗ್ರಾಮ್ ನಿಮ್ಮ ಲ್ಯಾಬಲ್ಲಿ ಹೇಳ್ಕೊಡ್ತಾರಲ್ಲ, ಅದು ನನ್ ತಲೆಗೆ ಹೋಗುತ್ತಾ?’ ಎಂದು ಕೇಳಿದರು.

ಹೋಯಿತು, ನಿಧಾನಕ್ಕೆ. ಜಿ-ಕೋಡ್ ಬರೆಯುವುದರಲ್ಲಿ ಅವರು ನನಗಿಂತ ನಿಧಾನ. ಕೀಬೋರ್ಡ್‌ನಲ್ಲಿ ಒಂದೇ ಬೆರಳು ಓಡುತ್ತದೆ. ಆದರೆ ನಾನು ಬರೆದ ಪ್ರೋಗ್ರಾಮ್ ನೋಡಿ, ‘ಇಷ್ಟು ಫೀಡ್ ಕೊಟ್ರೆ ಟೂಲ್ ಮುರಿಯುತ್ತೆ’ ಎಂದು ಥಟ್ಟನೆ ಹೇಳುತ್ತಾರೆ. ಟೂಲ್ ಸವೆದದ್ದು ಅವರಿಗೆ ಮಷಿನ್‌ನ ಸದ್ದಿನಲ್ಲೇ ತಿಳಿಯುತ್ತದೆ. ಅದನ್ನು ನಮ್ಮ ಲ್ಯಾಬ್‌ನಲ್ಲಿ ಯಾರೂ ಹೇಳಿಕೊಟ್ಟಿಲ್ಲ.

2025ರ ಜುಲೈ 19ರಂದು 46ರ ಮ್ಯಾನಿ ಪಕಿಯಾವೊ ನಾಲ್ಕು ವರ್ಷಗಳ ನಂತರ ವಾಪಸ್ ಬಂದು, 30ರ ಚಾಂಪಿಯನ್ ಮಾರಿಯೊ ಬ್ಯಾರಿಯೋಸ್ ಜೊತೆ ಪಂದ್ಯ ಸಮ ಮಾಡಿಕೊಂಡ. ಅಪ್ಪನಿಗೆ ಹೇಳಿದೆ. ‘ಗೆದ್ನಾ?’ ಎಂದರು. ಇಲ್ಲ, ಸೋಲಲೂ ಇಲ್ಲ ಎಂದೆ. ‘ಸಾಕಲ್ಲ’ ಎಂದು ಮತ್ತೆ ಲ್ಯಾಪ್‌ಟಾಪ್ ನೋಡತೊಡಗಿದರು.

ಬರುವ ಸೋಮವಾರ ಅಪ್ಪನಿಗೆ ಒಂದು ಟೂಲ್‌ರೂಮ್‌ನಲ್ಲಿ ಇಂಟರ್‌ವ್ಯೂ ಇದೆ. ಹಳೇ ಸಂಬಳಕ್ಕಿಂತ ಕಡಿಮೆ, ಮೂರು ತಿಂಗಳು ಟ್ರಯಲ್. ಅದೇ ವಾರ ನನಗೆ ಕ್ಯಾಂಪಸ್‌ನಲ್ಲಿ ಮೊದಲ ಟೆಸ್ಟ್. ಅಮ್ಮ ಎರಡು ಷರ್ಟ್ ಇಸ್ತ್ರಿಗೆ ಕೊಟ್ಟಿದ್ದಾರೆ. ಗೆಳೆಯರೇ, ಇಂಟರ್‌ವ್ಯೂ ಸಾಲಿನಲ್ಲಿ ನಿಮ್ಮ ಪಕ್ಕ ತಲೆ ನರೆತವರೊಬ್ಬರು ಫೈಲ್ ಹಿಡಿದು ಕೂತಿದ್ದರೆ, ಮಗನ ಜೊತೆ ಬಂದಿದ್ದೀರಾ ಎಂದು ಕೇಳಬೇಡಿ. ಯಾವ ಪೋಸ್ಟ್‌ಗೆ ಬಂದಿದ್ದೀರಿ ಎಂದು ಕೇಳಿ.