ರಂಗ ವಿದ್ಯಾರ್ಥಿಗೆ ಬೀದರ್‌ನಲ್ಲೊಂದು ದಿನ

ಗಿರೀಶ ಕಾರ್ನಾಡರು ಓದಲು ಆಕ್ಸ್‌ಫರ್ಡಿಗೆ ಹೋದವರು. ಅವರ ‘ತಲೆದಂಡ’ ನಾಟಕ ನಡೆಯುವುದು ಮಾತ್ರ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ. ರಂಗ ವಿದ್ಯಾರ್ಥಿಗಳು ರಜೆಯ ಒಂದು ದಿನ ಈ ಕಡೆ ಬಂದರೆ ನಷ್ಟವೇನಿಲ್ಲ.

ಮೊದಲು ಬೀದರ್‌ನ ಮದರಸಾ. ಇರಾನಿನ ಗೀಲಾನ್‌ನಿಂದ ಬಂದ ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮದ್ದಿನ ಸ್ಫೋಟದಲ್ಲಿ ಒಂದು ಮಿನಾರು ಹಾರಿಹೋಯಿತು. ಉಳಿದದ್ದಕ್ಕೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು ಬೆಳಕು ಬೀಳುವ ದಿಕ್ಕಿಗೆ ತಕ್ಕಂತೆ ಬೇರೆ ಬೇರೆಯಾಗಿ ಹೊಳೆಯುತ್ತದೆ. ರಂಗದ ಬೆಳಕು ಕಲಿಯುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಬೀದರ್‌ನಿಂದ ಅದೇ ಜಿಲ್ಲೆಯ ಔರಾದಿಗೆ ಹೋದರೆ ಅಮರೇಶ್ವರ ಗುಡಿ. ಗಡಿ ಊರಾದ್ದರಿಂದ ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುತ್ತದೆ.

ನಿಜವಾದ ನಾಟಕ ನಡೆದದ್ದು ಭಾಲ್ಕಿಯಲ್ಲಿ. ನಿಜಾಮರ ಕಾಲದಲ್ಲಿ ಅಲ್ಲಿನ ಮಠದ ಸ್ವಾಮಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ್‌ನ ಜಿಲ್ಲಾ ರಂಗಮಂದಿರಕ್ಕೆ ಅವರದೇ ಹೆಸರಿದೆ.