ಹೊಲಗದ್ದೆಗಳ ಯಂತ್ರಕ್ಕೆ ಕೈಗೇರು ಮೇಲೋ, ಸ್ವಯಂಗೇರು ಮೇಲೋ?

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಗೆ ಪೂರ್ವಕಾಲದಲ್ಲಿ ಎಡೆದೊರೆ ನಾಡೆಂದು ಹೆಸರಿದ್ದಿತು. ಈಗಿನ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ಈ ನಾಡಿಗೆ ಸೇರಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆಯ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಕಡೆಯ ಜೋಳ ಹತ್ತಿಗಳ ಎರೆಹೊಲಗಳು ಕ್ರಮೇಣ ಬತ್ತದ ಗದ್ದೆಗಳಾದುವು. ಲಿಂಗಸುಗೂರಿನಲ್ಲಿ ನಾರಾಯಣಪುರ ಬಲದಂಡೆಯ ಕಾಲುವೆಯ ನೀರು ಸಿಕ್ಕದ ಭೂಮಿಗಳು ಮಳೆಯನ್ನೇ ನಂಬಿರುತ್ತವೆ. ಮಸ್ಕಿಯಲ್ಲಿ ತರಿ ಖುಷ್ಕಿಗಳೆರಡೂ ಉಂಟು. ಹೀಗೆ ಒಂದೇ ದಿನದ ಪ್ರಯಾಣದೊಳಗೆ ಮೊಣಕಾಲುದ್ದದ ಕೆಸರೂ, ಬಿಸಿಲಿಗೆ ಬಿರಿದು ಕಲ್ಲಿನಂತಾದ ಎರೆಯೂ ಕಾಣಬರುವುದರಿಂದ, ಒಬ್ಬ ರೈತನಿಗೆ ಒಪ್ಪುವ ಯಂತ್ರವು ಮತ್ತೊಬ್ಬನಿಗೆ ಒಪ್ಪಲೇಬೇಕೆಂಬ ನಿಯಮವಿಲ್ಲ.

ಟ್ರಾಕ್ಟರು, ಕೊಯ್ಲುಯಂತ್ರ, ಜೀಪು ಮುಂತಾದ ಬಂಡಿಗಳನ್ನು ಕೊಳ್ಳುವವರು ಅಶ್ವಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸುವಷ್ಟು ಗೇರನ್ನು ವಿಚಾರಿಸುವುದಿಲ್ಲ. ಆದರೆ ಯಂತ್ರವು ಕೆಸರಿನಲ್ಲಿ ಹೂತು ನಿಲ್ಲುವುದೂ, ಡೀಸೆಲು ವ್ಯರ್ಥವಾಗುವುದೂ, ಇಳಿಜಾರಿನಲ್ಲಿ ಬಂಡಿಯು ಕೈಮೀರಿ ಪ್ರಾಣಹಾನಿಯಾಗುವುದೂ ಬಹುಮಟ್ಟಿಗೆ ಗೇರಿನ ಸಂಬಂಧವಾದ ತಪ್ಪುಗಳಿಂದಲೇ. ಆದಕಾರಣ ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲೇ ಈ ವಿಷಯವನ್ನು ಚೆನ್ನಾಗಿ ಅರಿತಿರುವುದು ಅವಶ್ಯಕ.

ಗೇರಿನ ಕೆಲಸ

ಭಾರದ ಬಂಡಿಯು ಏರನ್ನು ಹತ್ತುವಾಗ ಎತ್ತುಗಳು ತಾವಾಗಿಯೇ ಹೆಜ್ಜೆಯನ್ನು ನಿಧಾನಮಾಡಿ ಹೆಗಲು ಕೊಟ್ಟು ಎಳೆಯುವುವು. ಇಂಜಿನ್ನಿಗೆ ಈ ಗುಣವಿಲ್ಲ. ಅದು ವೇಗವಾಗಿ ತಿರುಗುತ್ತಿದ್ದರೆ ಮಾತ್ರ ಬಲವನ್ನು ಕೊಡುವುದು. ವೇಗ ತಗ್ಗಿದರೆ ನಿಂತುಹೋಗುವುದು. ಉದಾಹರಣೆಗೆ, ಇಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿರಲಿ. ಸುಮಾರು 4 ಮೀಟರು ಸುತ್ತಳತೆಯ ಹಿಂಗಾಲಿಯು ಗಂಟೆಗೆ 4 ಕಿಲೋಮೀಟರಿನಂತೆ ನೇಗಿಲನ್ನೆಳೆಯಬೇಕಾದರೆ ನಿಮಿಷಕ್ಕೆ ಸುಮಾರು 17 ಸುತ್ತು ಮಾತ್ರ ತಿರುಗಬೇಕು. ಅಂದರೆ ಇಂಜಿನ್ನಿನ ಸುಮಾರು 118 ಸುತ್ತಿಗೆ ಗಾಲಿಯ ಒಂದು ಸುತ್ತು. ವೇಗವು ಎಷ್ಟು ಪಾಲು ಕಡಮೆಯಾಗುವುದೋ, ನಡುವೆ ಆಗುವ ಅಲ್ಪ ನಷ್ಟವನ್ನು ಬಿಟ್ಟರೆ, ತಿರುಗಿಸುವ ಬಲವು ಅಷ್ಟು ಪಾಲು ಹೆಚ್ಚುವುದು. ಈ ವಿನಿಮಯವನ್ನು ನಡೆಸುವುದೇ ಗೇರಿನ ಕೆಲಸ.

ಎರಡು ವರ್ಗಗಳು

ಮೊದಲನೆಯ ವರ್ಗವು ಕೈಗೇರು. ಚಾಲಕನು ಕ್ಲಚ್ಚನ್ನು ತುಳಿದು ಇಂಜಿನ್ನಿನ ಸಂಬಂಧವನ್ನು ಬಿಡಿಸಿ, ಕೈಯಿಂದ ಹಿಡಿಯನ್ನು ಸರಿಸಿ, ಬೇಕಾದ ಹಲ್ಲುಗಾಲಿಗಳನ್ನು ಕೂಡಿಸುವನು. 1928ರಲ್ಲಿ ಅಮೆರಿಕದ ಮೋಟಾರು ಬಂಡಿಗಳಲ್ಲಿ ಮೊದಲು ಬಂದ ಸಿಂಕ್ರೋಮೆಶ್ ಎಂಬ ಏರ್ಪಾಡಿನಿಂದ ಹಲ್ಲುಗಳು ಕರಕರ ಸದ್ದಿಲ್ಲದೆ ಕೂಡುವಂತಾಯಿತು. ನಮ್ಮ ದೇಶದ ಟ್ರಾಕ್ಟರುಗಳಲ್ಲಿ ಮುಂದಕ್ಕೆ 8, ಹಿಂದಕ್ಕೆ 2 ಗೇರುಗಳಿರುವುದು ಬಹು ಸಾಮಾನ್ಯ.

ಎರಡನೆಯ ವರ್ಗವು ಕ್ಲಚ್ಚನ್ನು ತುಳಿಯದೆಯೇ ವೇಗ ಬದಲಾಗುವಂಥದು. ಇದನ್ನು ಇಲ್ಲಿ ಸ್ವಯಂಗೇರೆಂದು ಕರೆಯಲಾಗಿದೆ. ಇದರಲ್ಲಿ ಹಲವು ಭೇದಗಳುಂಟು. 1905ರಲ್ಲಿ ಜರ್ಮನಿಯ ಫಾಟಿಂಗರ್ ಎಂಬ ಇಂಜಿನಿಯರನು ಎಣ್ಣೆಯ ಸುಳಿಯ ಮೂಲಕ ಶಕ್ತಿಯನ್ನು ಸಾಗಿಸುವ ಉಪಾಯವನ್ನು ಕಂಡುಹಿಡಿದನು. ಜೀಪು ಕಾರುಗಳ ಟಾರ್ಕ್ ಕನ್ವರ್ಟರು ಇದರಿಂದ ಬಂದುದು. 1954ರ ವೇಳೆಗೆ ಅಮೆರಿಕದ ಟ್ರಾಕ್ಟರುಗಳಲ್ಲಿ ನಡೆಯುತ್ತಿರುವಾಗಲೇ ಒಂದು ಮೆಟ್ಟಲು ವೇಗವನ್ನಿಳಿಸುವ ಸಾಧನವು ಬಂದಿತು. ಎಣ್ಣೆಯ ಒತ್ತಡದಿಂದ ಕೂಡುವ ಬಿಲ್ಲೆಗಳ ಮೂಲಕ ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಪವರ್ ಷಟಲ್ ಇನ್ನೊಂದು ಬಗೆ. ಇಂಜಿನ್ನು ಒಂದು ಪಂಪನ್ನು ತಿರುಗಿಸಿ, ಆ ಪಂಪು ಎಣ್ಣೆಯನ್ನು ನೂಕಿ, ಎಣ್ಣೆಯು ಗಾಲಿಯ ಬಳಿಯ ಮೋಟಾರನ್ನು ತಿರುಗಿಸುವ ಹೈಡ್ರೋಸ್ಟಾಟಿಕ್ ಮತ್ತೊಂದು. ಇದರಲ್ಲಿ ಮೆಟ್ಟಲುಗಳೇ ಇಲ್ಲ. ಹಿಡಿಯನ್ನು ಎಷ್ಟು ನೂಕಿದರೆ ಅಷ್ಟು ವೇಗ.

ಸಿಂಧನೂರಿನ ಕೆಸರುಗದ್ದೆಗಳಲ್ಲಿ

ನಾಟಿಗೆ ಮೊದಲು ಗದ್ದೆಯನ್ನು ಕೆಸರುಮಾಡುವಾಗ ಟ್ರಾಕ್ಟರಿಗೆ ಕಬ್ಬಿಣದ ಪಂಜರಗಾಲಿಗಳನ್ನು ತೊಡಿಸುವರು. ಇಂತಹ ಕೆಸರಿನಲ್ಲಿ ಕ್ಲಚ್ಚನ್ನು ತುಳಿದ ಕ್ಷಣವೇ ಬಂಡಿಯು ನಿಲ್ಲುವುದು. ನಿಂತ ಬಂಡಿಯನ್ನು ಪುನಃ ಎಬ್ಬಿಸುವಾಗ ಗಾಲಿಯು ಇದ್ದಲ್ಲಿಯೇ ತಿರುಗಿ ಮತ್ತಷ್ಟು ಹೂಳುವುದು. ಆದುದರಿಂದ ಕೈಗೇರಿನ ಚಾಲಕನು ಬದುವಿನ ಮೇಲಿರುವಾಗಲೇ ತಕ್ಕ ತಗ್ಗಿನ ಗೇರನ್ನು ಹಾಕಿಕೊಂಡು ಗದ್ದೆಗಿಳಿದು, ಸಾಲು ಮುಗಿಯುವವರೆಗೆ ಬದಲಾಯಿಸದಿರತಕ್ಕದ್ದು. ಗೇರನ್ನು ಆರಿಸುವ ಬದಲು ಕ್ಲಚ್ಚನ್ನು ಅರ್ಧ ತುಳಿದುಕೊಂಡೇ ನಡೆಸುವ ಅಭ್ಯಾಸವು ಅತ್ಯಂತ ಹಾನಿಕರ. ಬಿಲ್ಲೆಯು ಜಾರಿ, ಕಾದು, ಸವೆದು, ನಾಟಿಯ ನಡುವೆ ಯಂತ್ರವು ನಿಂತರೆ, ಸಸಿಯು ಮಡಿಯಲ್ಲಿಯೇ ಬಲಿತುಹೋಗುವುದು. ರಿಪೇರಿಯ ಖರ್ಚಿಗಿಂತ ಈ ಕಾಲಹರಣದ ನಷ್ಟವೇ ದೊಡ್ಡದು.

ಸಣ್ಣ ಮಡಿಗಳಲ್ಲಿ ದಿನಕ್ಕೆ ನೂರಾರು ಸಲ ಹಿಂದುಮುಂದಾಗಿ ತಿರುಗಬೇಕಾಗುವುದರಿಂದ, ಬಾಡಿಗೆಗೆ ಎಡೆಬಿಡದೆ ದುಡಿಯುವ ಯಂತ್ರಗಳಿಗೆ ಪವರ್ ಷಟಲ್ ಉಪಯುಕ್ತ. ಅದರ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿರುವುದರಿಂದ ಬೇಗ ಸವೆಯವು. ಚಾಲಕನ ಕಾಲಿಗೂ ಆಯಾಸವಿಲ್ಲ. ತನ್ನ ಕೆಲವೇ ಎಕರೆಗಳನ್ನು ಮಾತ್ರ ಉಳುವವನಿಗೆ ಈ ಹೆಚ್ಚಿನ ಬೆಲೆಯು ಹಿಂದಿರುಗಿ ಬರುವುದು ಕಷ್ಟ.

ಒಂದು ಎಚ್ಚರಿಕೆಯು ಎರಡು ವರ್ಗಗಳಿಗೂ ಸಲ್ಲುವುದು. ಹಿಂಗಾಲಿಗಳು ಹೂತಾಗ ಅವುಗಳ ಮುಂದೆ ಮರದ ದಿಮ್ಮಿಯನ್ನು ಕಟ್ಟಿ ತಗ್ಗಿನ ಗೇರಿನಲ್ಲಿ ಮುಂದಕ್ಕೆ ನೂಕಬಾರದು. ಗಾಲಿಯು ತಿರುಗಲಾರದೆ ಹೋದರೆ ಅದೇ ಬಲವು ಟ್ರಾಕ್ಟರಿನ ಮೂತಿಯನ್ನು ಮೇಲೆತ್ತಿ, ಕ್ಷಣಮಾತ್ರದಲ್ಲಿ ಯಂತ್ರವನ್ನು ಚಾಲಕನ ಮೇಲೆ ಮಗುಚುವುದು. ಹಿಂದಕ್ಕೆ ಬರಲು ಯತ್ನಿಸುವುದು, ಇಲ್ಲವೆ ಮತ್ತೊಂದು ಯಂತ್ರದಿಂದ ಎಳೆಸುವುದು ಸರಿಯಾದ ಮಾರ್ಗ. ಯಾವ ಸ್ವಯಂಗೇರೂ ಈ ಅಪಾಯವನ್ನು ತಪ್ಪಿಸದು.

ಕೊಯ್ಲುಯಂತ್ರದ ವಿಚಾರ

ಕೊಯ್ದು ಒಕ್ಕುವ ಯಂತ್ರದಲ್ಲಿ ನ್ಯಾಯವು ಬೇರೆ. ತೆನೆಯನ್ನು ಬಡಿಯುವ ಉರುಳೆಯು ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ಆದುದರಿಂದ ಇಂಜಿನ್ನಿನ ವೇಗವನ್ನು ತಗ್ಗಿಸುವ ಹಾಗಿಲ್ಲ. ಆದರೆ ಪೈರು ದಟ್ಟವಾಗಿದ್ದಲ್ಲಿ ಅಥವಾ ಗಾಳಿಮಳೆಗೆ ಮಲಗಿದ್ದಲ್ಲಿ ಯಂತ್ರವು ಮೆಲ್ಲಗೆ ಸಾಗಬೇಕು. ಬೇಗ ಸಾಗಿದರೆ ಹುಲ್ಲು ಒಳಗೆ ಕಿಕ್ಕಿರಿದು, ಕಾಳು ಹುಲ್ಲಿನೊಡನೆ ಹೊರಬಿದ್ದು ನೆಲದ ಪಾಲಾಗುವುದು. ಹಳೆಯ ಮಾದರಿಯ ಯಂತ್ರಗಳಲ್ಲಿ ಕೈಗೇರಿನ ಜತೆಗೆ ಅಗಲ ಬದಲಾಗುವ ಪುಲಿಗಳನ್ನೂ ಬೆಲ್ಟನ್ನೂ ಇಟ್ಟು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿರುವರು. ಹೈಡ್ರೋಸ್ಟಾಟಿಕ್ ಏರ್ಪಾಡಿನಲ್ಲಾದರೋ ಉರುಳೆಯ ವೇಗವನ್ನು ಕೆಡಿಸದೆ ನಡಿಗೆಯನ್ನು ಎಷ್ಟು ಬೇಕಾದರೂ ತಗ್ಗಿಸಬಹುದು. ತೇವವಾರದ ಗದ್ದೆಗಳಲ್ಲಿ ರಬ್ಬರು ಪಟ್ಟಿಗಳ ಮೇಲೆ ನಡೆಯುವ ಯಂತ್ರಗಳಿಗೆ ಇದು ವಿಶೇಷವಾಗಿ ಒಪ್ಪುವುದು. ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡುವ ರೈತರು ಗಂಟೆಯ ದರವನ್ನಷ್ಟೇ ಕೇಳದೆ, ಯಂತ್ರವು ಹಾದುಹೋದ ಮೇಲೆ ಹುಲ್ಲಿನ ಅಡಿಯಲ್ಲಿ ಬಿದ್ದಿರುವ ಕಾಳನ್ನು ನೋಡಿ, ನಡಿಗೆಯನ್ನು ತಗ್ಗಿಸಲು ಹೇಳತಕ್ಕದ್ದು.

ಲಿಂಗಸುಗೂರಿನ ಖುಷ್ಕಿ ಹೊಲಗಳಲ್ಲಿ

ಬೇಸಗೆಯಲ್ಲಿ ಆಳವಾಗಿ ಉಳುವ ಕೆಲಸವು ಒಂದೇ ಸಮನಾದ ಭಾರದ್ದು. ಉದ್ದವಾದ ಸಾಲಿನಲ್ಲಿ ಒಮ್ಮೆ ಗೇರನ್ನು ಹಾಕಿದರೆ ಕೊನೆಯವರೆಗೆ ಬದಲಾಯಿಸುವ ಪ್ರಸಂಗವಿಲ್ಲ. ಇಲ್ಲಿ ಕೈಗೇರೇ ಲಾಭಕರ. ಹಲ್ಲುಗಾಲಿಗಳ ಮೂಲಕ ಸಾಗುವಾಗ ಇಂಜಿನ್ನಿನ ಶಕ್ತಿಯ ಹತ್ತರಲ್ಲೊಂದು ಪಾಲಿನಷ್ಟು ನಷ್ಟವಾದರೆ, ಎಣ್ಣೆಯ ಪಂಪು ಮೋಟಾರುಗಳ ಮೂಲಕ ಸಾಗುವಾಗ ಐದರಲ್ಲೊಂದು ಪಾಲೋ ಅದಕ್ಕೂ ಹೆಚ್ಚೋ ನಷ್ಟವಾಗುವುದು. 100ರಲ್ಲಿ 90 ಪಾಲು ಗಾಲಿಗೆ ಮುಟ್ಟುವ ಕಡೆ 80 ಪಾಲು ಮಾತ್ರ ಮುಟ್ಟಿದರೆ, ಅಷ್ಟೇ ಉಳುಮೆಗೆ ಡೀಸೆಲು ಎಂಟರಲ್ಲೊಂದು ಪಾಲು ಹೆಚ್ಚು ಬೇಕು. ಕಳೆದುಹೋದ ಶಕ್ತಿಯು ಎಣ್ಣೆಯನ್ನು ಕಾಯಿಸುವುದು. ಬೇಸಗೆಯ ಬಿಸಿಲಿನಲ್ಲಿ, ಹೊಟ್ಟು ಧೂಳುಗಳು ರೇಡಿಯೇಟರನ್ನು ಮುಚ್ಚಿದಾಗ, ಈ ಕಾವು ಯಂತ್ರಕ್ಕೆ ಶತ್ರು.

ಮಸ್ಕಿಯ ಕಡೆಯ ಸಾಗಣೆಯಲ್ಲಿ

ತರಿ ಖುಷ್ಕಿಗಳೆರಡನ್ನೂ ಉಳುವವರಿಗೆ ಟ್ರಾಕ್ಟರು ಮಂಡಿಗೆ ಮಾಲು ಒಯ್ಯುವ ಬಂಡಿಯೂ ಹೌದು. ಕಾಲುವೆಯ ಏರಿಯಿಂದಲೋ ಗುಡ್ಡದ ದಾರಿಯಿಂದಲೋ ತುಂಬಿದ ಟ್ರೇಲರಿನೊಡನೆ ಇಳಿಯುವಾಗ, ಡೀಸೆಲನ್ನು ಉಳಿಸಬೇಕೆಂದು ಗೇರನ್ನು ತಪ್ಪಿಸಿ ಬಿಡುವ ಪದ್ಧತಿಯು ಮೃತ್ಯುವನ್ನು ಕರೆದಂತೆ. ಗೇರಿನಲ್ಲಿದ್ದ ಬಂಡಿಯನ್ನು ಇಂಜಿನ್ನೇ ಹಿಡಿದು ನಿಲ್ಲಿಸುವುದು; ಗೇರು ತಪ್ಪಿದ ಬಂಡಿಗೆ ಬ್ರೇಕಿನ ಹೊರತು ಗತಿಯಿಲ್ಲ, ಹಿಂದಿನಿಂದ ನೂಕುವ ಟ್ರೇಲರಿಗೆ ಅನೇಕ ವೇಳೆ ಬ್ರೇಕೇ ಇರುವುದಿಲ್ಲ. ಏರನ್ನು ಹತ್ತಲು ಬೇಕಾಗುವಷ್ಟು ತಗ್ಗಿನ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ನಿಯಮ. ಹೈಡ್ರೋಸ್ಟಾಟಿಕ್ ಯಂತ್ರವು ಹಿಡಿಯನ್ನು ಹಿಂದಕ್ಕೆಳೆದಂತೆ ತಾನೇ ನಿಧಾನವಾಗುವುದು. ಆದರೆ ಇಂಜಿನ್ನನ್ನು ನಿಲ್ಲಿಸಿದ ಮೇಲೆ ಅದು ಇಳಿಜಾರಿನಲ್ಲಿ ಮೆಲ್ಲನೆ ಸರಿಯಬಹುದಾದ್ದರಿಂದ ಕೈಬ್ರೇಕನ್ನು ಹಾಕಲೇಬೇಕು. ಟಾರ್ಕ್ ಕನ್ವರ್ಟರಿನ ಜೀಪುಗಳಲ್ಲಿ ಈ ಹಿಡಿತವು ಕಡಮೆ. ಇಳಿಯುವ ಮೊದಲೇ ತಗ್ಗಿನ ಸ್ಥಾನವನ್ನು ಆರಿಸಿಕೊಳ್ಳಬೇಕು.

ಜೀಪಿನ ಮಾತು ಬಂದುದರಿಂದ ಇಷ್ಟನ್ನು ಹೇಳಬಹುದು. 1941ರ ಸೈನ್ಯದ ಜೀಪಿನಲ್ಲಿ ಮೂರು ಕೈಗೇರುಗಳೂ, ಅವನ್ನು ಇಮ್ಮಡಿಸುವ ಮೇಲಿನ ಕೆಳಗಿನ ಎರಡು ಶ್ರೇಣಿಗಳೂ ಇದ್ದುವು. ಮಳೆ ಬಿದ್ದ ಎರೆಯ ದಾರಿಯಲ್ಲಿ ಸ್ವಯಂಗೇರಿನ ಬಂಡಿಯು ಬಲವನ್ನು ಎಡೆಬಿಡದೆ ಮೃದುವಾಗಿ ಕೊಡುವುದರಿಂದ ಗಾಲಿಯು ಜಾರುವುದು ಕಡಮೆ. ಹೊಸ ಚಾಲಕರಿಗೆ ಇದು ಸುಲಭ. ಕೈಗೇರಿನ ಬಂಡಿಗಾದರೋ ಬ್ಯಾಟರಿ ಸತ್ತರೂ ನಾಲ್ಕು ಜನ ನೂಕಿ ಎಬ್ಬಿಸಬಹುದೆಂಬ ಅನುಕೂಲವುಂಟು.

ಕೊಳ್ಳುವ ಮುನ್ನ

ಸ್ವಯಂಗೇರಿನ ಪಂಪು ಮೋಟಾರುಗಳ ಭಾಗಗಳು ಕೂದಲೆಳೆಗಿಂತಲೂ ಬಹು ಸಣ್ಣ ಅಂತರದಲ್ಲಿ ಸರಿದಾಡುವುದರಿಂದ, ಎಣ್ಣೆಯಲ್ಲಿ ಸೇರಿದ ಧೂಳು ಅವನ್ನು ಬಲುಬೇಗ ಕೆಡಿಸುವುದು. ಆದಕಾರಣ ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಿ, ಹೇಳಿದ ಗಂಟೆಗೆ ಫಿಲ್ಟರನ್ನು ಬದಲಾಯಿಸಬೇಕು. ಹತ್ತಿರದ ಪಟ್ಟಣದಲ್ಲಿ ಇದನ್ನು ಬಲ್ಲ ಮೇಸ್ತ್ರಿಯೂ ಬಿಡಿಭಾಗಗಳೂ ದೊರೆಯುವುವೋ ಎಂಬುದನ್ನು ಮೊದಲೇ ವಿಚಾರಿಸಬೇಕು. ಯಂತ್ರವನ್ನು ನಡೆಸುವವರು ಯಾರೆಂಬುದೂ ಮುಖ್ಯ. ಸುಗ್ಗಿಗೊಬ್ಬ ಚಾಲಕನು ಬದಲಾಗುವ ಕಡೆ ಕೈಗೇರಿನ ಕ್ಲಚ್ಚು ಉಳಿಯುವುದು ಕಷ್ಟ. ಮನೆಯವರೇ ನಡೆಸುವ ಕಡೆ ಅದು ವರ್ಷಗಟ್ಟಲೆ ಬಾಳುವುದು.

ಎರಡು ಬೆಳೆಯ ಲೆಕ್ಕದಲ್ಲಿ ಮಾಡಿದ ಸಾಲವನ್ನು ಒಂದು ಬೆಳೆಯಲ್ಲಿ ತೀರಿಸಬೇಕಾಗುವ ಸಂದರ್ಭವೂ ಬರಬಹುದು. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಕಾಲುವೆಯ ನೀರೆಂಬುದು ಶಾಶ್ವತವಾದ ಭರವಸೆಯಲ್ಲವೆಂಬುದು ಎಲ್ಲರಿಗೂ ಮನದಟ್ಟಾಯಿತು. ನೀರಿಲ್ಲದ ವರ್ಷದಲ್ಲಿಯೂ ಯಂತ್ರದ ಕಂತು ನಿಲ್ಲದು. ಆದುದರಿಂದ ಬೆಲೆಬಾಳುವ ಹೈಡ್ರೋಸ್ಟಾಟಿಕ್ ಕೊಯ್ಲುಯಂತ್ರವನ್ನು ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೋ ಹಲವರು ಕೂಡಿ ಕೊಳ್ಳುವುದೋ ಲೇಸು. ರಾಜ್ಯ ಸರಕಾರವು 2014–15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಉದ್ದೇಶವೂ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದೇ ಆಗಿದೆ.

ಒಟ್ಟಿನಲ್ಲಿ, ಉಳುಮೆಗೂ ಸಾಗಣೆಗೂ ಕೈಗೇರು, ಕೊಯ್ಲಿಗೆ ಹೈಡ್ರೋಸ್ಟಾಟಿಕ್, ಬಾಡಿಗೆಗೆ ಬಿಡುವಿಲ್ಲದೆ ದುಡಿಯುವ ಕೆಸರಿನ ಕೆಲಸಕ್ಕೆ ಪವರ್ ಷಟಲ್: ಇದು ಈ ಮೂರು ತಾಲ್ಲೂಕುಗಳಿಗೆ ಸಾಮಾನ್ಯವಾಗಿ ಒಪ್ಪುವ ಕ್ರಮ. ನೆರೆಯವನ ಯಂತ್ರವನ್ನು ನೋಡಿ ಆಸೆಪಡುವ ಮೊದಲು, ತನ್ನ ಭೂಮಿಯು ಎಂತಹುದು, ವರ್ಷಕ್ಕೆ ಎಷ್ಟು ಗಂಟೆಯ ಕೆಲಸವುಂಟು, ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿರುವರು ಎಂಬ ಮೂರು ಸಂಗತಿಗಳನ್ನು ರೈತನು ಎಣಿಕೆಮಾಡಿ ನೋಡಿದರೆ, ಆಯ್ಕೆಯು ತಾನಾಗಿಯೇ ಸ್ಪಷ್ಟವಾಗುವುದು.